ಸಿಮೆಂಟಿನ ಹೊಳೆ

ಮೊನ್ನೆ ಲಾ ಹೋಯಾದಲ್ಲಿ ಈ ವರ್ಷದ ಮೊದಲ ಮಳೆ ಬಿತ್ತು. ಮಳೆ ಎಂದು ಹೇಳಿಕೊಳ್ಳುವಂಥದ್ದೇನಲ್ಲ. ಕ್ಯಾಂಪಸ್ಸಿನ ಪಾರ್ಕಿಂಗ್ ಜಾಗದ ಡಾಂಬರು ಕಪ್ಪಾಗುವಷ್ಟು ಹನಿದು ನಿಂತಿತು. ಆರೇಳು ತಿಂಗಳ ಧೂಳು, ಕಾರುಗಳಿಂದ ತೊಟ್ಟಿಕ್ಕಿದ ಎಣ್ಣೆ, ಉದುರಿ ಒಣಗಿದ ನೀಲಗಿರಿ ಎಲೆ, ಎಲ್ಲವೂ ಒಟ್ಟಿಗೆ ನೆನೆದು ಒಂದು ವಾಸನೆ ಎದ್ದಿತು. ಊರಿನ ಮಣ್ಣಿನ ವಾಸನೆಯ ಹಾಗೆ ಅದು ಎದೆಯ ತನಕ ಇಳಿಯುವುದಿಲ್ಲ, ಮೂಗಿನ ತುದಿಯಲ್ಲೇ ಸ್ವಲ್ಪ ಖಾರವಾಗಿ ನಿಲ್ಲುತ್ತದೆ. ಲೈಬ್ರರಿಯಿಂದ ಹೊರಗೆ ಬಂದ ಹುಡುಗ ಹುಡುಗಿಯರು ಬ್ಯಾಗು ತಲೆಯ ಮೇಲೆ ಹಿಡಿದು ಓಡಿದರು. ನಾನು ಮಾತ್ರ ಕಂಬಕ್ಕೊರಗಿ ನಿಂತುಬಿಟ್ಟೆ. ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಒಲೆ ಆರಿಸಿ, ಕೈ ಒರೆಸಿಕೊಂಡು, ಶೂ ಎಲ್ಲಿ ಎಂದು ಹುಡುಕುತ್ತಿದ್ದಳು. ತಾಯಿಯನ್ನು ಕಳೆದುಕೊಂಡವರಿಗೆ ಇದು ಗೊತ್ತಿರುತ್ತದೆ. ದೊಡ್ಡ ದಿನಗಳನ್ನು ಹೇಗೋ ದಾಟಿಬಿಡುತ್ತೇವೆ. ಇಂಥ ಹತ್ತು ನಿಮಿಷದ ಮಳೆಯನ್ನು ದಾಟುವುದು ಕಷ್ಟ.

ನಾನು ಎಂಟನೇ ತರಗತಿ ಮುಗಿಸಿ ಅಮ್ಮನ ಜೊತೆ ಶ್ರೀರಂಗಪಟ್ಟಣದಿಂದ ಈ ದೇಶಕ್ಕೆ ಬಂದವಳು. ಅಪ್ಪ ಎರಡು ವರ್ಷ ಮೊದಲೇ ಬಂದು, ಲಾ ಹೋಯಾದಿಂದ ಎರಡು ಗಂಟೆ ದಾರಿಯ ಟೊರೆನ್ಸಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಡೆ ಕೆಲಸಕ್ಕೆ ಸೇರಿದ್ದರು. ಅಲ್ಲೇ ನಮ್ಮದು ಒಂದು ಚಿಕ್ಕ ಬಾಡಿಗೆ ಮನೆ. ಹಿತ್ತಲಲ್ಲಿ ಒಂದು ನಿಂಬೆ ಗಿಡ, ಬಟ್ಟೆ ಒಣಗಿಸಲು ಅಪ್ಪ ಕಟ್ಟಿಕೊಟ್ಟ ಹಗ್ಗ. ಅಮ್ಮನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಎಲ್ಲಿಗೂ ನಡೆದೇ ಹೋಗುತ್ತಿದ್ದಳು. ಹಾಗಾಗಿ ಆ ಬೀದಿಗಳು ಅಲ್ಲೇ ಹುಟ್ಟಿ ಬೆಳೆದವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಾದವು. ಬೇಸಿಗೆಯ ಬೆಳಗಿನಲ್ಲಿ ಸಮುದ್ರದ ಕಡೆಯಿಂದ ಮಂಜು ಬಂದು ಜರಡಿಯಲ್ಲಿ ಹಿಟ್ಟು ಉದುರಿಸಿದ ಹಾಗೆ ಇಡೀ ಬೀದಿಯನ್ನು ಮುಚ್ಚುತ್ತಿತ್ತು. ಎದುರುಮನೆಯ ಉದ್ದನೆಯ ತಾಳೆ ಮರದ ತಲೆ ಕಾಣಿಸಿದ ಮೇಲೆ ಮುಕ್ಕಾಲು ಗಂಟೆಗೆ ಬಿಸಿಲು ಬರುತ್ತದೆ ಎಂಬುದು ಅಮ್ಮನ ಲೆಕ್ಕ. ಮೇ ತಿಂಗಳಲ್ಲಿ ಜಕರಾಂಡ ಹೂವು ಕಾಲುದಾರಿಯ ತುಂಬ ನೇರಳೆಯಾಗಿ ಬಿದ್ದಿರುತ್ತಿತ್ತು. ವಾಸನೆಯಿಲ್ಲದ ಹೂವು, ಪೂಜೆಗೆ ಆಗಲ್ಲ ಎಂದು ಬೈಯುತ್ತಲೇ ಸೆರಗಿನ ತುಂಬ ಆರಿಸಿ ತಂದು ಬಟ್ಟಲಲ್ಲಿ ನೀರು ಹಾಕಿ ಇಡುತ್ತಿದ್ದಳು. ಸಂಜೆ ಅವಳ ಕಿರುಬೆರಳು ಹಿಡಿದು ನಡೆಯುವ ವಯಸ್ಸು ನನಗೆ ದಾಟಿತ್ತು. ಆದರೂ ಬೀದಿಯಲ್ಲಿ ಯಾರೂ ಇಲ್ಲದಾಗ ಹಿಡಿದುಕೊಳ್ಳುತ್ತಿದ್ದೆ.

ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲವೂ ಮುಚ್ಚಿತು. ನನ್ನ ಶಾಲೆ ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಬಂತು. ಭಾನುವಾರ ಅಭ್ಯಾಸದಂತೆ ಕಡಲತೀರಕ್ಕೆ ಹೋದರೆ ಮರಳಿಗೆ ಇಳಿಯುವ ದಾರಿಗೆ ಹಳದಿ ಪಟ್ಟಿ ಕಟ್ಟಿದ್ದರು. ಅಮ್ಮ ಕಾರಿನ ಕಿಟಕಿಯಿಂದ ನೋಡಿ, "ಸಮುದ್ರಕ್ಕೂ ಬೀಗ ಹಾಕವ್ರಲ್ಲ," ಎಂದಳು. ಆಮೇಲೆ ನಮಗೆ ಉಳಿದದ್ದು ಮನೆಯಿಂದ ನಾಲ್ಕು ಬೀದಿ ಆಚೆಗಿದ್ದ ಕಾಲುವೆ ಮಾತ್ರ. ಮಳೆನೀರು ಸಮುದ್ರಕ್ಕೆ ಹೋಗಲೆಂದು ಕಟ್ಟಿದ ಅಗಲವಾದ ಸಿಮೆಂಟು ಕಾಲುವೆ ಅದು. ಎರಡೂ ಕಡೆ ತಂತಿಬೇಲಿ, ನಡುವೆ ರಸ್ತೆಯ ಸೇತುವೆ. ವರ್ಷದಲ್ಲಿ ಹನ್ನೊಂದು ತಿಂಗಳು ಒಣಗಿ, ತಳದಲ್ಲಿ ಒಂದು ಗೆರೆಯಷ್ಟು ಪಾಚಿ. ಇದೇ ಇಲ್ಲಿಯ ಹೊಳೆ ಎಂದು ಅಪ್ಪ ತೋರಿಸಿದಾಗ ಅಮ್ಮ ನಂಬಲಿಲ್ಲ. ಹೊಳೆಗೆ ಯಾರಾದರೂ ಪ್ಲಾಸ್ಟರ್ ಮಾಡುತ್ತಾರಾ ಎಂದು ಕೇಳಿದಳು. ಆದರೆ ಅಂದಿನಿಂದ ಅದನ್ನು ಹೊಳೆ ಎಂದೇ ಕರೆದಳು.

ಆ ಮಾರ್ಚಿನಲ್ಲಿ ಒಂದು ದಿನ ಮಧ್ಯಾಹ್ನದಿಂದ ಜೋರು ಮಳೆ. ಹೊಳೆ ಬಂದಿರುತ್ತದೆ, ನೋಡಿಕೊಂಡು ಬರೋಣ ಎಂದು ಅಮ್ಮ ಹೊರಟಳು. ಆದರೆ ಹೊರಟದ್ದು ನಮ್ಮೂರಿನವರು ಹೊರಡುವ ರೀತಿಯಲ್ಲಿ. ನಮ್ಮ ಕಡೆ ಕಾವೇರಿ ತುಂಬಿ ಬಂದರೆ ವಾರಗಟ್ಟಲೆ ಇರುತ್ತಾಳೆ. ಸ್ನಾನಘಟ್ಟದ ಮೆಟ್ಟಿಲು ಎಷ್ಟು ಮುಳುಗಿದೆ ಎಂದು ಜನ ದಿನಾ ಹೋಗಿ ನೋಡಿ ಬರುತ್ತಾರೆ. ಊಟ ಮುಗಿಸಿ, ಒಂದು ನಿದ್ದೆ ತೆಗೆದು, ನೆಂಟರಿಗೂ ಹೇಳಿಕಳಿಸಿ ಹೋದರೂ ಹೊಳೆ ಎಲ್ಲಿಗೂ ಹೋಗಿರುವುದಿಲ್ಲ. ಹಾಗೆಯೇ ಅಮ್ಮ ಮಳೆ ನಿಲ್ಲಲಿ ಎಂದಳು, ಬೆಳಗಾಗಲಿ ಎಂದಳು, ಎದ್ದು ಮೆಣಸಿನಕಾಯಿ ಬಜ್ಜಿ ಕರಿದು, ಫ್ಲಾಸ್ಕಿಗೆ ಕಾಫಿ ತುಂಬಿಸಿದಳು. ನಾವು ಮೂವರೂ ಎಳೆಬಿಸಿಲಿನಲ್ಲಿ ಸೇತುವೆಯ ಮೇಲೆ ಹೋಗಿ ನಿಂತಾಗ ಕೆಳಗೆ ಬರೀ ಸಿಮೆಂಟು. ಬೋರಲಾಗಿ ಬಿದ್ದ ಅಂಗಡಿಯ ತಳ್ಳುಬಂಡಿ, ಅದರ ಪಕ್ಕ ಒಂದು ಬಾತುಕೋಳಿ. ಅಪ್ಪ ನಕ್ಕು ನಕ್ಕು ಕಾಲುದಾರಿಯ ಮೇಲೇ ಕೂತುಬಿಟ್ಟರು. ಅಮ್ಮ ನಗಲಿಲ್ಲ. ಗೋಡೆಯ ಮೇಲೆ ಆಳೆತ್ತರಕ್ಕೆ ಇನ್ನೂ ಆರದ ನೀರಿನ ಗುರುತನ್ನೇ ನೋಡುತ್ತಿದ್ದಳು.

"ಇಷ್ಟೆತ್ತರ ಬಂದು ಹೋಗ್ಯದೆ. ನಾವು ಬಜ್ಜಿ ಬೇಯಿಸ್ಕೊಂಡು ಕೂತಿದ್ದೀವಿ."

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ನಿಯಮವಾಯಿತು. ಮಳೆ ಬಿದ್ದರೆ ಬಿದ್ದ ಹಾಗೇ ಹೊರಡಬೇಕು. ಏಪ್ರಿಲಿನಲ್ಲಿ ಮತ್ತೆ ಮಳೆ ಬಂದಾಗ ಅರ್ಧ ಬೆಂದ ಅನ್ನ ಬಿಟ್ಟು ಓಡಿದೆವು. ಆ ದಿನ ಕಾಲುವೆ ನಿಜಕ್ಕೂ ಹೊಳೆಯಾಗಿತ್ತು. ಕೆಂಪು ಕಂದು ನೀರು ಗೋಡೆಯಿಂದ ಗೋಡೆಗೆ ಬಡಿದುಕೊಂಡು, ತಾಳೆಗರಿ, ಟೆನಿಸ್ ಚೆಂಡು, ಯಾರದೋ ಮನೆಯ ಕುರ್ಚಿ ಹೊತ್ತುಕೊಂಡು ಹೋಗುತ್ತಿತ್ತು. ಸೇತುವೆ ನಡುಗುವುದು ಅಂಗಾಲಿಗೆ ಗೊತ್ತಾಗುತ್ತಿತ್ತು. ಅಮ್ಮ ಜಾಕೆಟ್ಟಿನ ಒಳಗಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದಳು. ತುಂಬಿದ ಹೊಳೆಗೆ ಬಾಗಿನ ಕೊಡದೆ ಬರಬಾರದು ಎನ್ನುವವಳು ಅವಳು. ಮೊರ, ಬಳೆ, ಕನ್ನಡಿ ಎಲ್ಲ ಇಲ್ಲಿ ಎಲ್ಲಿಂದ ಬರಬೇಕು? ಡಬ್ಬಿಯಲ್ಲಿ ಇದ್ದದ್ದು ಅರಿಶಿನ, ಕುಂಕುಮ, ಒಂದು ಉಂಡೆ ಬೆಲ್ಲ, ಹಿತ್ತಲಿನ ನಾಲ್ಕು ನಿಂಬೆ ಹೂವು. ಕಣ್ಣು ಮುಚ್ಚಿ ಅದನ್ನೆಲ್ಲ ನೀರಿಗೆ ಬಿಟ್ಟಳು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ವಯಸ್ಸಾದವರೊಬ್ಬರು ದೂರದಲ್ಲೇ ನಿಂತು, ಇದರಲ್ಲಿ ಏನೂ ಹಾಕಬಾರದು, ಇದು ನೇರ ಸಮುದ್ರಕ್ಕೆ ಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಮ್ಮ ನನ್ನ ಕಡೆ ತಿರುಗಿ, "ನಮ್ಮೂರುದ್ದೂ ಅಲ್ಲಿಗೇ ಹೋಗೋದು ಅಂತ ಹೇಳು ಮಗ," ಎಂದಳು. ನಾನು ನಾಚಿಕೊಂಡು ಹೇಳಿದೆ. ಅವರು ಸ್ವಲ್ಪ ಹೊತ್ತು ನೀರನ್ನೇ ನೋಡಿ, ಹೂವಾದರೆ ಪರವಾಗಿಲ್ಲ ಎಂದು ನಾಯಿ ಎಳೆದುಕೊಂಡು ಹೋದರು.

ಆಮೇಲೆ ಮಳೆ ಅಪರೂಪವಾಯಿತು. ಮುಂದಿನ ಚಳಿಗಾಲದಲ್ಲಿ ನಾವು ಹೊಳೆ ನೋಡಿದ್ದು ಒಂದೇ ಸಲ. ಅದರ ಮುಂದಿನ ಶರತ್ಕಾಲದಲ್ಲಿ ಅಮ್ಮನ ಹೊಟ್ಟೆನೋವು ಕ್ಯಾನ್ಸರ್ ಎಂದು ಗೊತ್ತಾಯಿತು. ಅವಳ ನಡಿಗೆ ಬರಬರುತ್ತಾ ಚಿಕ್ಕದಾಯಿತು. ಮೊದಲು ಬೀದಿಯ ತುದಿಯ ತನಕ, ಆಮೇಲೆ ಎದುರಿನ ತಾಳೆ ಮರದ ತನಕ, ಕೊನೆಗೆ ಕಿಟಕಿಯ ಪಕ್ಕದ ಕುರ್ಚಿಯ ತನಕ. ಊರಿಗೆ ಹೋಗುವ ಮಾತನ್ನು ಅವಳು ಎತ್ತಲಿಲ್ಲ. ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳಿಗೆ ಇದ್ದ ಆಸೆ ಒಂದೇ, ತುಂಬಿದ ಹೊಳೆಯನ್ನು ಇನ್ನೊಂದು ಸಲ ನೋಡಬೇಕು. ಔಷಧದ ಸುಸ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ, ಫೋನಿನಲ್ಲಿ ಮಳೆ ತೋರಿಸುತ್ತಿದೆಯಾ ಎಂದು ದಿನಾ ಕೇಳುತ್ತಿದ್ದಳು. ಇಲ್ಲ ಎಂದು ದಿನಾ ಹೇಳುತ್ತಿದ್ದೆ.

ಡಿಸೆಂಬರ್ ಕೊನೆಯಲ್ಲಿ ಮಳೆ ಬಂತು. ನನಗೆ ರಜೆ, ಅಪ್ಪ ಕೆಲಸಕ್ಕೆ ಹೋಗಿದ್ದರು. ನನಗೆ ಹದಿನಾರು ತುಂಬಿ ಲೈಸೆನ್ಸ್ ಬಂದು ಆರು ವಾರವಾಗಿತ್ತು, ಅಪ್ಪ ಈಗ ಬಳಸದ ಹಳೆಯ ಕಾರು ಮನೆಯ ಮುಂದೆಯೇ ನಿಂತಿತ್ತು. ಹನ್ನೊಂದು ಗಂಟೆಗೆ ನಾನು ಕೋಣೆಯಿಂದ ಹೊರಗೆ ಬಂದಾಗ ಅಮ್ಮ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅಪ್ಪನ ದಪ್ಪ ಜಾಕೆಟ್ಟು, ಕೂದಲಿಲ್ಲದ ತಲೆಗೆ ಉಣ್ಣೆ ಟೋಪಿ, ಕಾಲಿಗೆ ಶೂ. ಯಾರ ಸಹಾಯವೂ ಇಲ್ಲದೆ ಅಷ್ಟನ್ನು ಹಾಕಿಕೊಳ್ಳಲು ಅವಳಿಗೆ ಎಷ್ಟು ಹೊತ್ತು ಹಿಡಿದಿರಬೇಕೋ. ಕೈಯಲ್ಲಿ ಸ್ಟೀಲ್ ಡಬ್ಬಿ.

"ಹೋಗೋಣ್ವಾ ಮಗ?"

ಹೊರಗೆ ನೋಡಿದೆ. ಎದುರುಮನೆ ಕಾಣಿಸುತ್ತಿರಲಿಲ್ಲ. ಮಳೆಯಲ್ಲಿ ನಾನು ಒಂದು ದಿನವೂ ಕಾರು ಓಡಿಸಿರಲಿಲ್ಲ. ನಾಲ್ಕು ಬೀದಿ, ಎರಡು ತಿರುವು, ಒಂದು ಸಿಗ್ನಲ್ಲು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಾದರೂ ಜಾರಿದರೆ ಎಂಬ ಹೆದರಿಕೆ. ಇಷ್ಟೇ ಆಗಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಅದರ ಜೊತೆಗೆ ಬೇಸರವೂ ಇತ್ತು. ತಿಂಗಳುಗಳಿಂದ ಔಷಧ, ಗಂಜಿ, ವಾಂತಿಯ ಬಟ್ಟಲು. ಆ ಒಂದು ಬೆಳಗ್ಗೆ ಹೊದ್ದು ಮಲಗಿರಬೇಕು ಎನಿಸಿತ್ತು. ನಾಳೆ ಹೋಗೋಣಮ್ಮ, ಮಳೆ ಸ್ವಲ್ಪ ನಿಲ್ಲಲಿ ಎಂದೆ. ನಾಳೆ ಅಲ್ಲಿ ಏನು ಇರುತ್ತದೆ ಎಂದು ನನಗೆ ಗೊತ್ತಿತ್ತು.

ಅಮ್ಮ ನನ್ನ ಮುಖವನ್ನು ನೋಡಿದಳು. ಆಮೇಲೆ ಬಗ್ಗಿ ಶೂ ದಾರ ಬಿಚ್ಚತೊಡಗಿದಳು.

"ಹೂಂ, ನಾಳೆನೇ ಹೋಗೋಣ ಬಿಡು. ನೀರೆಲ್ಲಿಗೆ ಹೋಗ್ತದೆ."

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ದೂರದ ಬೆಟ್ಟದ ತಲೆಯ ಮೇಲಿನ ಹಿಮವೂ ಕಾಣಿಸುತ್ತಿತ್ತು. ನಾನೇ ಕಾರು ಓಡಿಸಿದೆ, ಚೆನ್ನಾಗಿಯೇ ಓಡಿಸಿದೆ. ಅಮ್ಮ ಕಿಟಕಿ ಇಳಿಸಿ ಬಿಸಿಲಿಗೆ ಕೈ ಒಡ್ಡಿಕೊಂಡು ಕೂತಿದ್ದಳು, ಯಾರ ಮನೆಯಲ್ಲಿ ಕಿತ್ತಳೆ ಹಣ್ಣಾಗಿದೆ ಎಂದು ತೋರಿಸುತ್ತಿದ್ದಳು. ಸೇತುವೆಯ ಹತ್ತಿರ ಅವಳನ್ನು ಇಳಿಸಿ ತೋಳು ಹಿಡಿದುಕೊಂಡಾಗಲೇ ನಾನು ಗಮನಿಸಿದ್ದು. ಡಬ್ಬಿಯನ್ನು ಅವಳು ತಂದಿರಲಿಲ್ಲ. ಮರೆತಿರಬೇಕು ಎಂದುಕೊಂಡು, ಓಡಿಹೋಗಿ ತರಲಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಕೆಳಗೆ ಸಿಮೆಂಟು ಒಣಗುತ್ತಿತ್ತು. ನಡುವಿನ ಗೆರೆಯಲ್ಲಿ ಬೆರಳಗಲ ನೀರು. ತಂತಿಬೇಲಿ ಹಿಡಿದು ಅದನ್ನೇ ಬಹಳ ಹೊತ್ತು ನೋಡಿದಳು. ನಾನು ಅಳುತ್ತಿದ್ದೇನೆ ಎಂದು ತಿಳಿದು ಬೆನ್ನ ಮೇಲೆ ಕೈಯಿಟ್ಟಳು. ಆ ಕೈಗೆ ಭಾರವೇ ಇರಲಿಲ್ಲ.

"ಅದಾದ್ರೂ ಎಷ್ಟೊತ್ತು ಅಂತ ಕಾಯ್ತದೆ. ಅಳಬ್ಯಾಡ, ಬಾ."

ಜನವರಿಯಲ್ಲಿ ಮಳೆ ಬರಲಿಲ್ಲ. ಫೆಬ್ರವರಿಯಲ್ಲೂ ಇಲ್ಲ. ಮಾರ್ಚಿನಲ್ಲಿ, ಜಕರಾಂಡ ಇನ್ನೂ ಬರಿ ಕೊಂಬೆಯಾಗಿದ್ದಾಗ, ಅಮ್ಮ ಹೋದಳು. ಅದರ ಮುಂದಿನ ಚಳಿಗಾಲ ಮಳೆಯ ಮೇಲೆ ಮಳೆ. ವಾರಕ್ಕೊಂದು ಸಲ ಕಾಲುವೆ ತುಂಬಿ ಹರಿಯಿತು. ಅಪ್ಪ ಕೆಲಸದಿಂದ ಬರುವಾಗ ಆ ಸೇತುವೆ ತಪ್ಪಿಸಿ ಸುತ್ತಿ ಬರುತ್ತಿದ್ದರು. ಒಂದು ವರ್ಷ ಹಾಗೆ ಕಳೆದು, ಬೇರೆ ಕೆಲಸ ಹಿಡಿದು ಸ್ಯಾಂಟಾ ಕ್ಲಾರಿಟಾಕ್ಕೆ ಹೋದರು. ನಾನು ಓದಲು ಲಾ ಹೋಯಾಕ್ಕೆ ಬಂದೆ. ಆ ಮನೆಯಲ್ಲಿ ಈಗ ಯಾರಿದ್ದಾರೋ, ನಿಂಬೆ ಗಿಡಕ್ಕೆ ನೀರು ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಎಂಥ ಮಳೆಯಲ್ಲೂ ಕಾರು ಓಡಿಸುತ್ತೇನೆ. ಗೆಳತಿಯರು ಮಳೆ ಬಂದರೆ ನನ್ನನ್ನೇ ಕರೆಯುತ್ತಾರೆ.

ಮೊನ್ನೆ ಸಂಜೆ ಅಪ್ಪ ಫೋನು ಮಾಡಿದರು. ಅಲ್ಲಿಯೂ ಹನಿಯುತ್ತಿದೆ ಎಂದರು. ಮಳೆ ಬಂದ ದಿನ ಅವರು ಫೋನು ಮಾಡಿಯೇ ಮಾಡುತ್ತಾರೆ, ಅಡ್ಡಮಾತು ಆಡುತ್ತಾ ಆಡುತ್ತಾ ಕೊನೆಗೆ ಅಲ್ಲಿಗೇ ಬರುತ್ತಾರೆ. ಆ ಡಿಸೆಂಬರಿನ ಸಂಜೆ ಅವರು ಕೆಲಸದಿಂದ ನೆನೆದು ಬಂದು, ಹೊಳೆ ನೋಡಿದಿರಾ ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಟ್ಟಿದ್ದಳು. ಮಗು ಕರೆಯಿತು, ನನಗೇ ಸುಸ್ತು, ನಾನೇ ಬೇಡ ಅಂದೆ ಎಂದಿದ್ದಳು. ಅಪ್ಪ ಇವತ್ತಿಗೂ ಅದನ್ನೇ ನಂಬಿದ್ದಾರೆ.

"ನೀನ್ ಕರ್ದಿದ್ಯಲ್ಲ, ಅಷ್ಟು ಸಾಕು ಬಿಡು," ಎಂದರು ಮೊನ್ನೆಯೂ.

ನಾನು ಹೂಂ ಎಂದೆ. ಅವಳು ನನಗಾಗಿ ಹೇಳಿಟ್ಟು ಹೋದ ಮಾತು ಅದು, ಕೆಡಿಸಲು ಕೈ ಬರುವುದಿಲ್ಲ.