ಹಾಲಿಲ್ಲದ ಜಾಮೂನು

ನನಗೆ ಅನುಮಾನ ಜಾಸ್ತಿ. ಇದನ್ನು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ. ತರಕಾರಿಯವನು ತೂಕ ಹಾಕುವಾಗ ನಾನು ತಕ್ಕಡಿ ನೋಡುವುದಿಲ್ಲ, ಅವನ ಬೆರಳು ನೋಡುತ್ತೇನೆ. ಹೋಟೆಲಿನಲ್ಲಿ ಚಟ್ನಿಯನ್ನು ಮೂಸದೆ ಬಾಯಿಗಿಟ್ಟವಳಲ್ಲ. ಆದರೆ ಕಳೆದ ಒಂದು ವರ್ಷದಲ್ಲಿ ಜಯನಗರ, ಜೆ.ಪಿ. ನಗರದ ಹೋಟೆಲುಗಳಲ್ಲಿ ಕೂತು ಪಟ್ಟಷ್ಟು ಅನುಮಾನವನ್ನು ಈ ಜನ್ಮದಲ್ಲಿ ಬೇರೆಲ್ಲೂ ಪಟ್ಟಿಲ್ಲ. ಅದಕ್ಕೆ ಕಾರಣ ನನ್ನ ಮಗಳು. ನಿಜ ಹೇಳಬೇಕೆಂದರೆ, ನಾನೇ.

ಮಗಳಿಗೆ ಇಪ್ಪತ್ತೇಳು ವರ್ಷ. ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ದಿನವಿಡೀ ಯಾರದೋ ಮಂಡಿ, ಯಾರದೋ ಭುಜ ತಿರುಗಿಸಿ ಸುಸ್ತಾಗಿ ಶ್ರೀನಗರದ ಮನೆಗೆ ಬರುತ್ತಾಳೆ. ಕಾಲೇಜಿನಲ್ಲಿದ್ದಾಗಲೇ ಮಟನ್ ಬಿಟ್ಟಿದ್ದಳು. ಯಾರೂ ಏನೂ ಅನ್ನಲಿಲ್ಲ, ಅವಳ ಪಾಲನ್ನು ಅವರಪ್ಪ ತಿಂದರು. ಎರಡು ವರ್ಷದ ಹಿಂದೆ ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲ ಬಿಟ್ಟೆ ಅಂದಳು. ಆಗ ಮನೆ ಅಲ್ಲಾಡಿತು. ಯಾವನೋ ಹುಡುಗ ತಲೆ ಕೆಡಿಸಿದ್ದಾನೆ ಅಂತ ಮೊದಲು ಅಂದುಕೊಂಡೆ. ಆಮೇಲೆ ತೆಳ್ಳಗಾಗುವ ಹುಚ್ಚು ಅಂದುಕೊಂಡೆ. ಅವಳು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ಬಾದಾಮಿ ಹಾಲು ಹಿಂಡುವ ವಿಡಿಯೋಗಳು ಬಿಟ್ಟರೆ ಏನೂ ಇರಲಿಲ್ಲ.

ನಮ್ಮಪ್ಪನ ಕಸುಬೇ ಹಾಲು. ಕತ್ರಿಗುಪ್ಪೆ ಕಡೆ ಇನ್ನೂ ಹೊಲಗಳಿದ್ದ ಕಾಲದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಆರು ಎಮ್ಮೆ, ಎರಡು ಹಸು ಇದ್ದವು. ಬೆಳಿಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಅಪ್ಪ ಜಯನಗರದ ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದರು. ಶಾಲೆಗೆ ರಜೆ ಇದ್ದರೆ ನಾನೂ ಹಿಂದೆ ಕೂತು ಹೋಗುತ್ತಿದ್ದೆ. ಆ ಮನೆಯ ಹೆಂಗಸರು ಹಾಲಿಗೆ ಬೆರಳದ್ದಿ ನೋಡಿ, ನೀರು ಹಾಕಿದ್ದೀರಾ ಅಂತ ಕೇಳುತ್ತಿದ್ದರು. ಬೇಸಿಗೆಯಲ್ಲಿ ಹಾಕುತ್ತಿದ್ದೆವು. ಈಗ ಮುಚ್ಚಿಟ್ಟು ಏನಾಗಬೇಕು. ಎಮ್ಮೆ ಹಾಲು, ಹಸುವಿನ ಹಾಲು, ಬೆರೆಸಿದ್ದು, ಒಡೆಯಲು ಹೊರಟಿದ್ದು, ಎಲ್ಲವೂ ನನಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಈಗಲೂ ತಿಳಿಯುತ್ತದೆ.

ಹಾಗಾಗಿ ಅವಳು ಹಾಲು ಬಿಟ್ಟಿದ್ದು ಸೀದಾ ನನ್ನ ತವರಿಗೇ ಬೈದ ಹಾಗೆ ಕೇಳಿಸಿತು. ಜಗಳ ಆಡಿದೆ. ನಿಮ್ಮ ತಾತ ಅದೇ ಹಾಲು ಮಾರಿ ನನ್ನನ್ನು ಓದಿಸಿದ್ದು ಅಂದೆ. ಅವಳು ದನಿ ಏರಿಸಲಿಲ್ಲ.

"ತಾತನ ಮೇಲೆ ನಂಗೇನೂ ಕೋಪ ಇಲ್ಲಮ್ಮ. ಗಂಡು ಕರು ಹುಟ್ಟಿದ್ರೆ ಏನ್ ಮಾಡ್ತಿದ್ರಿ ಅಂತ ಕೇಳ್ದೆ, ಅಷ್ಟೇ."

ಏನು ಮಾಡುತ್ತಿದ್ದೆವು ಅಂತ ನನಗೆ ಗೊತ್ತು. ಕುಕ್ಕರಿಗೆ ಬೇಳೆ ಹಾಕಲು ಎದ್ದು ಹೋದೆ.

ಮಾತಿನಲ್ಲಿ ಗೆಲ್ಲಲಾಗದೆ ಕೈಯಲ್ಲಿ ಗೆಲ್ಲಲು ಹೊರಟೆ. ಅವಳಿಗೆಂದು ಬೇರೆಯಾಗಿ ಎತ್ತಿಡುವ ಸಾರಿಗೆ ಒಂದು ಚಮಚ ತುಪ್ಪದ ಒಗ್ಗರಣೆ ಹಾಕತೊಡಗಿದೆ. ಮೇಲೆ ಇಂಗು, ಬೆಳ್ಳುಳ್ಳಿ ಜಾಸ್ತಿ, ವಾಸನೆ ಬರದಂತೆ. ಮಗು ಬಡಕಲಾಗುತ್ತಿದೆ, ಒಂದು ಚಮಚದಿಂದ ಯಾವ ವ್ರತ ಕೆಡುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅವಳು ಚಪ್ಪರಿಸಿಕೊಂಡು ತಿನ್ನುತ್ತಿದ್ದಳು. ಒಂದು ಬೆಳಿಗ್ಗೆ ಚಾರ್ಜರ್ ಹುಡುಕಿಕೊಂಡು ಅಡುಗೆ ಮನೆಗೆ ಬಂದವಳು ನನ್ನ ಕೈಯಲ್ಲಿ ತುಪ್ಪದ ಚಮಚ, ಒಲೆಯ ಮೇಲೆ ಅವಳ ಪಾತ್ರೆ, ಎರಡನ್ನೂ ನೋಡಿದಳು.

"ಎಷ್ಟು ದಿನದಿಂದ?"

"ಎರಡೇ ಸಲ ಕಣೇ," ಅಂದೆ. ಎಂಟು ತಿಂಗಳಾಗಿತ್ತು.

ಅವತ್ತಿನಿಂದ ಅವಳು ನಾನು ಮಾಡಿದ್ದನ್ನು ಮುಟ್ಟಲಿಲ್ಲ. ಬೇರೆ ಕುಕ್ಕರು, ಬೇರೆ ಬಾಣಲೆ, ಬೇರೆ ಚಾಕು ಕೂಡ. ನನ್ನ ಒಲೆಯ ಪಕ್ಕದಲ್ಲೇ ನಿಂತು ತನ್ನದು ತಾನು ಮಾಡಿಕೊಂಡು ರೂಮಿಗೆ ತಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು. ಮಾತಿಗೇನೂ ಕಡಿಮೆ ಇಲ್ಲ, ಆದರೆ ಊಟ ಮಾತ್ರ ಬೇರೆ. ಹೆತ್ತ ಮಗಳು ನನ್ನ ಕೈ ಅಡುಗೆ ತಿನ್ನುತ್ತಿಲ್ಲ ಅಂತ ಅಕ್ಕಪಕ್ಕದಲ್ಲಿ ಹೇಳಿಕೊಳ್ಳುವ ಹಾಗೂ ಇಲ್ಲ. ಕೊನೆಗೆ ನಾನೇ ಸೋತು, ನನ್ನ ಜೊತೆ ಕೂತು ಉಣ್ಣಲು ಏನು ಮಾಡಬೇಕು ಹೇಳು ಅಂತ ಕೇಳಿದೆ.

"ಹೊರಗಡೆ ಆದ್ರೆ ಕೂರ್ತೀನಿ. ಅಲ್ಲಿ ಒಲೆ ನಿನ್ನ ಕೈಲಿರಲ್ಲ," ಅಂದಳು.

ಹೀಗೆ ಶುರುವಾದವು ನಮ್ಮ ಶನಿವಾರಗಳು. ಮಧ್ಯಾಹ್ನ ಅವಳ ಡ್ಯೂಟಿ ಮುಗಿದ ಮೇಲೆ ಸ್ಕೂಟರಿನಲ್ಲಿ ನನ್ನನ್ನು ಕೂರಿಸಿಕೊಂಡು ಹಾಲು, ತುಪ್ಪ, ಮಾಂಸ ಯಾವುದೂ ಸೋಕದ ವೀಗನ್ ಊಟ ಸಿಗುವ ಕಡೆಗೆಲ್ಲ ಕರೆದುಕೊಂಡು ಹೋದಳು. ಮೊದಲು ಜೆ.ಪಿ. ನಗರದ ಒಂದು ಕೆಫೆ. ಗೋಡೆ ತುಂಬ ಗಿಡ, ಕುರ್ಚಿಗೆ ಬೆನ್ನಿಲ್ಲ. ಓಟ್ಸ್ ಹಾಲಿನ ಕಾಫಿ ತಂದಿಟ್ಟರು. ನೊರೆ ಇತ್ತು. ನೊರೆ ಕಂಡರೆ ನನಗೆ ಅನುಮಾನ. ಓಟ್ಸ್ ನೆನೆಸಿದ ನೀರಿಗೆ ನೊರೆ ಎಲ್ಲಿಂದ ಬಂತು ಅಂತ ಸಪ್ಲೈಯರ್‌ಗೆ ಕೇಳಿದೆ. ಮಷೀನಿಂದ ಬರತ್ತೆ ಮೇಡಂ ಅಂದ. ಯಾವ ಮಷೀನು, ಅದರಲ್ಲಿ ಬೇರೆಯವರ ಹಾಲೂ ಕಾಯಿಸುತ್ತೀರಾ, ತೊಳೆಯುತ್ತೀರಾ? ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಕಾಫಿ ಕುಡಿದೆ. ಗಂಜಿಗೆ ಡಿಕಾಕ್ಷನ್ ಬಿಟ್ಟ ಹಾಗಿತ್ತು.

ಮುಂದಿನ ವಾರ ಜಯನಗರದ ಒಂದು ಹಳೆಯ ದರ್ಶಿನಿ. ಅಲ್ಲಿ ವೀಗನ್ ಅಂದರೆ ಯಾರಿಗೂ ಗೊತ್ತಿಲ್ಲ. ತುಪ್ಪ ಬೇಡ, ಬರೀ ಎಣ್ಣೆಯಲ್ಲಿ ದೋಸೆ ಹಾಕಿ ಅಂತ ಮಗಳು ಮೂರು ಸಲ ಹೇಳಿದಳು. ದೋಸೆ ಬಂತು, ಫಳಫಳ ಹೊಳೆಯುತ್ತಿತ್ತು. ನಾನು ಮೂಸಿ ಪಕ್ಕಕ್ಕೆ ತಳ್ಳಿದೆ.

"ತುಪ್ಪ ಹಾಕಿಲ್ಲ ಅಕ್ಕ, ದೇವರಾಣೆ," ಅಂದ ಭಟ್ಟ. "ಬೆಣ್ಣೆ ಹಾಕಿದೀನಿ ಒಂಚೂರು. ಏನೂ ಇಲ್ದೆ ಹೆಂಗೆ ಕೊಡೋದು, ಪಾಪ."

ಅವನ ಮುಖದಲ್ಲಿ ಮೋಸ ಇರಲಿಲ್ಲ. ಹುಡುಗಿಗೆ ಒಣ ದೋಸೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ, ಅಷ್ಟೇ. ಮಗಳು ನನ್ನತ್ತ ನೋಡಿದಳು. ನಾನು ಗೋಡೆಯ ಮೇಲಿನ ತಿಂಡಿಪಟ್ಟಿ ಓದಿದೆ.

ಬಿ.ಟಿ.ಎಂ. ಲೇಔಟಿನಲ್ಲಿ ಸೋಯಾದಿಂದ ಮಾಡಿದ ಮಟನ್ ಬಿರಿಯಾನಿ ತಿಂದೆವು. ತುಂಡಿಗೆ ಒಂದು ಕಡ್ಡಿ ಚುಚ್ಚಿ ಮೂಳೆ ಅಂತ ಇಟ್ಟಿದ್ದರು. ಮಟನ್ ಬೇಡ ಅನ್ನುವವರಿಗೆ ಮೂಳೆ ಯಾಕೆ ಬೇಕು? ಮಸಾಲೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೂ ಪ್ರತಿ ತುತ್ತನ್ನೂ ಬೆರಳಲ್ಲಿ ಬಿಡಿಸಿ ನೋಡಿಯೇ ತಿಂದೆ. ಹೀಗೆ ವಾರ ವಾರ ನಡೆಯಿತು. ಎಲ್ಲಿ ಹೋದರೂ ನನ್ನ ವಿಚಾರಣೆ ತಪ್ಪುತ್ತಿರಲಿಲ್ಲ. ನೀನು ಊಟಕ್ಕೆ ಬರ್ತೀಯೋ ರೇಡ್ ಮಾಡಕ್ಕೆ ಬರ್ತೀಯೋ ಅಂತ ಮಗಳು ಬೈಯುತ್ತಿದ್ದಳು. ಬೈದರೂ ಮುಂದಿನ ಶನಿವಾರ ಬಂದು ಹಾರ್ನ್ ಮಾಡುತ್ತಿದ್ದಳು. ನಾನು ಸೀರೆ ಉಟ್ಟು ಹನ್ನೆರಡಕ್ಕೇ ರೆಡಿಯಾಗಿ ಕೂತಿರುತ್ತಿದ್ದೆ.

ಕೊನೆಗೆ ಹೋಗಿದ್ದು ಬನಶಂಕರಿಯ ಒಂದು ಅಡ್ಡರಸ್ತೆಗೆ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದ, ನಲವತ್ತರ ಆಸುಪಾಸಿನ ಹೆಂಗಸು. ಎರಡು ಮೇಜು, ಒಂದು ಫ್ರಿಜ್ಜು. ತೆಂಗಿನ ಹಾಲಿನ ಐಸ್‌ಕ್ರೀಮು, ಗೋಡಂಬಿ ಅರೆದು ಮಾಡಿದ ಕೇಕು. ಎರಡನ್ನೂ ತಿಂದೆ. ಮೊದಲ ಸಲ ನನಗೆ ಕೇಳಲು ಪ್ರಶ್ನೆ ಸಿಗಲಿಲ್ಲ, ಅಷ್ಟು ಚೊಕ್ಕವಾಗಿತ್ತು. ತೆಂಗು ತೆಂಗಿನ ಹಾಗಿತ್ತು, ಗೋಡಂಬಿ ಗೋಡಂಬಿಯ ಹಾಗಿತ್ತು. ಆಮೇಲೆ ಆಕೆ ಒಂದು ಬಟ್ಟಲು ಜಾಮೂನು ತಂದಿಟ್ಟಳು.

"ಇದೂ ವೀಗನ್ನೇ ಆಂಟಿ. ಹೊಸದಾಗಿ ಶುರು ಮಾಡಿದೀನಿ," ಅಂದಳು.

ಮಗಳಿಗೆ ಜಾಮೂನು ಅಂದರೆ ಪ್ರಾಣ. ಒಂದನ್ನು ಹಾಗೇ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಎರಡು ವರ್ಷದಲ್ಲಿ ನಾನು ನೋಡಿರದ ಮುಖ ಅದು. ನುಂಗಿ, ನನ್ನ ಕೈ ಮೇಲೆ ಕೈ ಇಟ್ಟಳು.

"ಅಮ್ಮ, ಸೋಮವಾರದಿಂದ ನಂಗೂ ಸೇರಿಸಿ ಸಾರು ಮಾಡು. ಎರಡೆರಡು ಕುಕ್ಕರ್ ತೊಳೆದು ಸಾಕಾಗಿದೆ ನಂಗೆ."

ಒಂದು ವರ್ಷದಿಂದ ಈ ಮಾತಿಗೇ ಕಾದಿದ್ದೆ. ನಾನೂ ಒಂದು ಚೂರು ಜಾಮೂನು ಮುರಿದು ಬಾಯಿಗಿಟ್ಟೆ.

ಹಾಲು. ಹಸಿ ಹಾಲಲ್ಲ, ಕೋವಾ ಅಲ್ಲ, ಹಾಲಿನ ಪುಡಿ. ಅಂಗುಳಿಗೆ ಅಂಟಿಕೊಂಡು ಕೂರುವ ಆ ಜಿಡ್ಡು ಬೇರೆ ಯಾವುದಕ್ಕೂ ಇಲ್ಲ. ಇನ್ನೊಂದು ಚೂರು ತಿಂದೆ. ಅನುಮಾನವೇ ಇರಲಿಲ್ಲ. ಅನುಮಾನ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅವತ್ತು ಅನ್ನಿಸಿತು. ಮಗಳು ಎರಡನೆಯದನ್ನು ಚಮಚದಲ್ಲಿ ಎತ್ತಿದ್ದಳು.

ಹೇಳಿದರೆ, ಮತ್ತೆ ಶುರು ಹಚ್ಕೊಂಡ್ಯಾ ಅಂತಾಳೆ. ಸಾರಿನ ಮಾತು ಅಲ್ಲಿಗೇ ಹೋಯಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ತಿಂದದ್ದು ತಿಂದಾಯಿತು, ಇನ್ನೊಂದರಿಂದ ಏನು ಮಹಾ? ಹಾಗೆ ಅಂದುಕೊಂಡ ಕ್ಷಣದಲ್ಲೇ ಆ ಮಾತಿನ ಗುರುತು ಸಿಕ್ಕಿತು. ಎಂಟು ತಿಂಗಳು ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತು ನಾನು ಹೇಳಿಕೊಂಡಿದ್ದೂ ಇದನ್ನೇ.

"ತಿನ್ನಬೇಡ ಕಣೇ. ಹಾಲಿನ ಪುಡಿ ಇದೆ," ಅಂದೆ.

ಅವಳ ಮುಖ ಬಾಡಿತು. "ಅಮ್ಮ, ಪ್ಲೀಸ್. ಇವತ್ತೊಂದಿನ ಬಿಡು."

"ಇದೆ."

ಅಂಗಡಿಯ ಹೆಂಗಸಿಗೆ ಕೇಳಿಸಿತು. ಆಕೆ ಹತ್ತಿರ ಬಂದಳು. "ಒಂದು ತೊಟ್ಟು ಹಾಲೂ ಹಾಕಿಲ್ಲ ಆಂಟಿ. ನೀರಲ್ಲೇ ಕಲಸಿರೋದು, ಎಣ್ಣೆಯಲ್ಲೇ ಕರಿದಿರೋದು. ನನ್ನ ಕೈಯಾರೆ ಮಾಡಿರೋದು." ನಾನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ್ದನ್ನು ನೋಡಿ ಒಳಗೆ ಹೋಗಿ, ಬಾಯಿ ಕತ್ತರಿಸಿದ ಜಾಮೂನು ಮಿಕ್ಸ್ ಪ್ಯಾಕೆಟ್ ತಂದಳು. "ನೋಡಿ ಬೇಕಾದ್ರೆ. ಇದಕ್ಕೆ ನೀರು ಸಾಕು, ಹಾಲು ಬೇಡ್ವೇ ಬೇಡ."

ಮಗಳು ಪ್ಯಾಕೆಟ್ಟನ್ನು ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಓದಿ ಆಕೆಗೆ ತೋರಿಸಿದಳು. ಮೈದಾಹಿಟ್ಟಿನ ಪಕ್ಕದಲ್ಲೇ ಬರೆದಿತ್ತು, ಹಾಲಿನ ಪುಡಿ ಅಂತ.

ಆಕೆಯ ಮುಖ ನೋಡಲಾಗಲಿಲ್ಲ. ನೀರು ಹಾಕಿ ಕಲಸಿದ್ದರಿಂದ ಹಾಲಿಲ್ಲ ಅಂತಲೇ ಪಾಪ ಆಕೆ ನಂಬಿದ್ದಳು. "ಎರಡು ತಿಂಗಳಿಂದ ಎಲ್ಲರಿಗೂ ಕೊಟ್ಟಿದೀನಲ್ಲ," ಅಂತ ತನಗೆ ತಾನೇ ಅಂದುಕೊಂಡಂತೆ ಹೇಳಿ, ಹೊರಗೆ ಹೋಗಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಜಾಮೂನಿನ ಹೆಸರನ್ನು ಸೆರಗಿನಿಂದ ಒರೆಸಿದಳು. ನಮ್ಮ ಹತ್ತಿರ ವಾಪಸ್ಸು ಬಂದು ನಿಂತಳು. ಮಗಳಿಗೆ ಕೋಪ ಬರಬಹುದು ಅಂತ ನಾನು ಕಾದೆ. ಬರಲಿಲ್ಲ.

"ಪರವಾಗಿಲ್ಲ ಅಕ್ಕ. ಗೊತ್ತಿಲ್ದೆ ಆಗಿದ್ದು," ಅಂದಳು, ಆಕೆಯ ತೋಳು ಮುಟ್ಟಿ.

ಗೊತ್ತಿಲ್ಲದೆ. ಆ ಒಂದು ಮಾತು ನನ್ನ ಎದೆಗೆ ನಾಟಿತು. ಗೊತ್ತಿಲ್ಲದೆ ಮಾಡಿದವಳನ್ನು ಒಂದು ನಿಮಿಷದಲ್ಲಿ ಕ್ಷಮಿಸಿದಳು. ಗೊತ್ತಿದ್ದೂ ಮಾಡಿದವಳು ಪಕ್ಕದಲ್ಲೇ, ಸಾಕ್ಷಿಯ ಹಾಗೆ ಕೂತಿದ್ದೆ.

ಹೊರಗೆ ಬಂದೆವು. ಅವಳು ಸ್ಕೂಟರ್ ತಿರುಗಿಸುತ್ತಿದ್ದಳು. ಮನಸ್ಸು ಬದಲಾಗುವುದರೊಳಗೆ ಹೇಳಿಬಿಡಬೇಕು ಅನ್ನಿಸಿತು.

"ಸಾರಿಗೆ ತುಪ್ಪ ಹಾಕಿದ್ದು ಎರಡು ಸಲ ಅಲ್ಲ."

ಅವಳು ಹ್ಯಾಂಡಲ್ ಹಿಡಿದು ಹಾಗೇ ನಿಂತಳು.

"ಎಂಟು ತಿಂಗಳು. ನೀನು ಬಿಟ್ಟೆ ಅಂದ ಮಾರನೇ ದಿನದಿಂದ. ದಿನಾ."

ಹೆಲ್ಮೆಟ್ ಹಾಕಿಕೊಂಡು ಗಾಜು ಕೆಳಗೆಳೆದಳು. ಮನೆ ತಲುಪುವವರೆಗೂ ಅವಳ ಬೆನ್ನನ್ನೇ ನೋಡಿಕೊಂಡು ಕೂತಿದ್ದೆ. ಭಾನುವಾರ ಇಡೀ ದಿನ ಮಾತಿಲ್ಲ. ತನ್ನ ಕುಕ್ಕರಿನಲ್ಲಿ ತನ್ನ ಅನ್ನ ಮಾಡಿಕೊಂಡು ರೂಮಿಗೆ ಹೋದಳು. ಏನಾಯ್ತೇ ಅಂತ ಯಜಮಾನರು ಕೇಳಿದರು. ನನ್ನ ಕರ್ಮ ಅಂದೆ. ಹೇಳಬಾರದಿತ್ತೇನೋ ಅಂತ ನೂರು ಸಲ ಅಂದುಕೊಂಡೆ. ಶನಿವಾರಗಳೂ ಮುಗಿದವು ಅಂತ ಬೆಳ್ಳುಳ್ಳಿ ಬಿಡಿಸುತ್ತಾ ಕೂತು ಅತ್ತೆ.

ಸೋಮವಾರ ಬೆಳಿಗ್ಗೆ ಸೊಪ್ಪಿನ ಸಾರಿಗೆ ಒಗ್ಗರಣೆ ಮಾಡಲು ಬಾಣಲೆ ಇಟ್ಟಿದ್ದೆ. ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಎಣ್ಣೆ ಡಬ್ಬಿ ತೆಗೆದೆ, ಅವಳ ಕಣ್ಣು ಡಬ್ಬಿಯ ಮೇಲೆ. ಸಾಸಿವೆ ಹಾಕಿದೆ, ಕಣ್ಣು ಸಾಸಿವೆಯ ಮೇಲೆ. ಚಮಚಕ್ಕೆ ಕೈ ಹಾಕಿದರೆ ಕಣ್ಣು ಚಮಚದ ಮೇಲೆ. ನನ್ನ ಒಲೆಯ ಮುಂದೆ ನನ್ನನ್ನೇ ಕಳ್ಳಿಯ ಹಾಗೆ ಕಾಯುತ್ತಿದ್ದಾಳಲ್ಲ ಅಂತ ಸಿಟ್ಟು ನೆತ್ತಿಗೇರಿತು.

"ನಂಬಿಕೆ ಇಲ್ದಿದ್ರೆ ನೀನೇ ಮಾಡ್ಕೋ ಹೋಗು," ಅಂದೆ.

"ನಂಬಿಕೆ ಇಲ್ಲಮ್ಮ," ಅಂದಳು. "ಅದಕ್ಕೇ ನಿಂತಿರೋದು. ನಂಗೆ ನಿನ್ನ ಸಾರು ಬೇಕು."

ಒಲೆ ಸಣ್ಣ ಮಾಡಿದೆ. ಅವಳಿಗೆ ಚೆನ್ನಾಗಿ ಕಾಣಲಿ ಅಂತ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತು, ಒಗ್ಗರಣೆ ಹಾಕಿದೆ.