ಬೀಗ ಹಾಕಿ ಹೊರಟವನು

ಮದುವೆಯಾದಾಗಿನಿಂದ ನಾನು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ, ಮಾವನ ಮನೆಯಲ್ಲೇ ಇದ್ದೇನೆ. ಮನೆ ಅಳಿಯ ಎಂಬ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ಆಡುವ ಅಗತ್ಯ ಬಿದ್ದಿಲ್ಲ. ಮಾವನದು ಮಂಡಿಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕ. ರಾತ್ರಿ ಪಾಳಿಗೆ ಹೋಗುವ ಮುನ್ನ ಅಂಗಡಿಯ ಷಟರ್ ಎಳೆದು ಬೀಗ ಹಾಕುವುದು ನನ್ನ ಪಾಲಿನ ಕೆಲಸ. ಮಾವನಿಗೆ ಸೊಂಟ ನೋವು ಬಂದಾಗ ಶುರುವಾದದ್ದು, ನೋವು ಹೋದ ಮೇಲೂ ನಿಲ್ಲಲಿಲ್ಲ.

ಕಳೆದ ಬೇಸಿಗೆಯಲ್ಲಿ, ವಾರದ ರಜೆಯ ಮಧ್ಯಾಹ್ನಗಳಲ್ಲಿ ಕೂತು ಒಂದು ಕಥೆ ಬರೆದೆ. ಅದರಲ್ಲಿ ಜಗತ್ತು ಮುಗಿದಿದೆ. ಹೇಗೆ ಎಂದು ಬರೆಯಲಿಲ್ಲ. ಅದನ್ನು ಹೇಳಬಲ್ಲವರು ಯಾರೂ ಕಥೆಯಲ್ಲಿ ಉಳಿದಿರಲಿಲ್ಲ. ದಾವಣಗೆರೆಯಲ್ಲಿ ಒಬ್ಬನೇ ಬದುಕಿದ್ದಾನೆ. ಅವನು ಖಾಲಿ ಮಂಡಿಪೇಟೆ ದಾಟಿ, ಹರಿಹರದವರೆಗೆ ನಡೆದು, ತುಂಗಭದ್ರೆಯ ಸೇತುವೆ ಹತ್ತುತ್ತಾನೆ. ಅಲ್ಲಿಗೆ ಕಥೆ ನಿಲ್ಲುತ್ತದೆ.

ಅವನಿಗೊಬ್ಬಳು ಹೆಂಡತಿ ಇದ್ದಳು ಎಂಬ ಒಂದು ಸಾಲಿದೆ. ಅವಳು ಏನಾದಳೆಂದು ಇಲ್ಲ. ಅಪಘಾತದ ಸುದ್ದಿ ಬಂದಾಗ, ಖಚಿತವಾಗುವವರೆಗೆ ಯಾರನ್ನೂ ಸತ್ತರೆಂದು ಬರೆಯಬಾರದು, ಬದುಕಿದ್ದಾರೆಂದೂ ಬರೆಯಬಾರದು ಎಂಬುದು ನಮ್ಮ ಡೆಸ್ಕಿನ ಪಾಠ. ಕೈ ಅದನ್ನೇ ಪಾಲಿಸಿತು.

ಕಥೆಯನ್ನು ಫೇಸ್‌ಬುಕ್ಕಿಗೆ ಹಾಕಿದೆ. ಸಂಜೆಯೊಳಗೆ ಹೆಂಡತಿಯ ತಮ್ಮ ಅದನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ತಂದಿದ್ದ. ಮರುದಿನ ಊಟಕ್ಕೆ ಕೂತಾಗ ಅವನೇ ಶುರು ಮಾಡಿದ.

"ಭಾವ, ನಮ್ಮನ್ನೆಲ್ಲ ಒಂದೇ ಏಟಿಗೆ ಮುಗಿಸಿಬಿಟ್ರಲ್ಲ. ಒಂದು ಬೈಕಾದ್ರೂ ಉಳಿಸಬಾರದಿತ್ತಾ? ಹರಿಹರತನಕ ನಡಕಂತ ಯಾರು ಹೋಗ್ತಾರೆ?"

"ಊರೇ ಹಾಳಾದ್ರೂ ಅಂಗಡಿಗೆ ಬೀಗ ಹಾಕೇ ಹೊಂಟಾನ ನೋಡು," ಎಂದರು ಮಾವ. "ಜವಾಬ್ದಾರಿ ಅಂದ್ರ ಅದು. ಚೆನ್ನಾಗೈತೆ ಅಳಿಯಂದ್ರೆ."

ತಟ್ಟೆಯಲ್ಲಿ ನನ್ನ ಕೈ ನಿಂತಿತು. ಮಂಡಿಪೇಟೆ ದಾಟುವಾಗ ಅವನು ಒಂದು ಷಟರ್ ಎಳೆದು ಬೀಗ ಹಾಕುತ್ತಾನೆಂದು ಬರೆದದ್ದು ನೆನಪಿತ್ತು. ಅದು ಯಾರ ಅಂಗಡಿ ಎಂದು ಬರೆಯುವಾಗ ಹೊಳೆದಿರಲಿಲ್ಲ.

ಹೆಂಡತಿ ಸಾರು ಬಡಿಸಿದಳು. ಎಲ್ಲರೂ ಎದ್ದ ಮೇಲೆ ಅಡುಗೆಮನೆಯಲ್ಲಿ ಕೇಳಿದಳು: "ನಿಮಗೆ ಇಲ್ಲಿಂದ ಹೋಗಿಬಿಡಬೇಕು ಅನ್ನಿಸ್ತೈತೇನ್ರಿ?"

"ಕಥೆ ಅದು."

"ಕಥೆ ಅಂತನೇ ಕೇಳ್ತಿರೋದು. ಎದುರಿಗೆ ನೀವು ಯಾವತ್ತು ಏನು ಹೇಳೀರಿ?"

ಆ ವಾರವೆಲ್ಲ ನಮ್ಮ ನಡುವೆ ಹಾಲು, ಔಷಧಿ, ಬಾಗಿಲು ಇಷ್ಟರ ಮಾತೇ ನಡೆಯಿತು.

ಭಾನುವಾರ ಅವಳೇ ಹರಿಹರಕ್ಕೆ ಹೋಗಿ ಬರೋಣ ಎಂದಳು. ಸ್ಕೂಟರಿನಲ್ಲಿ ಹೋದೆವು. ಸೇತುವೆಯ ಮಧ್ಯೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಆಟೊ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಇಲ್ಲಿಗೇ ಅಲ್ಲೇನ್ರಿ ಅವನು ಬಂದಿದ್ದು?" ಎಂದಳು ಬೆನ್ನ ಹಿಂದಿನಿಂದ.

"ಹೂಂ."

"ಮುಂದೆ ಎಲ್ಲಿಗೆ ಹೋದ?"

"ಗೊತ್ತಿಲ್ಲ. ಎಷ್ಟು ಸಲ ಕೂತ್ರೂ ಇಲ್ಲಿಂದ ಮುಂದಕ್ಕೆ ಒಯ್ಯೋಕೆ ಆಗಲಿಲ್ಲ." ಅದು ನಿಜವಾಗಿತ್ತು. ಜಗತ್ತನ್ನೇ ಖಾಲಿ ಮಾಡಿಕೊಟ್ಟರೂ ಅವನಿಗೆ ಹೋಗಲು ಒಂದು ಊರು ನನಗೆ ಸಿಕ್ಕಿರಲಿಲ್ಲ.

"ಹೆಂಡ್ತಿನ ಹುಡುಕಲೇ ಇಲ್ಲ."

"ಖಚಿತ ಇಲ್ಲದೆ ಬರೆಯೋ ಹಂಗಿಲ್ಲ—"

"ನಿಮ್ಮ ಪೇಪರಿನ ಮಾತು ಬ್ಯಾಡ. ತಿರುಗಾ ಮುರುಗಾ ಓದಿದೆ. ಬೀಗ ಹಾಕಿ ಕೀಲಿನ ಜೇಬಿಗೆ ಹಾಕ್ಕಂತಾನೆ. ಬಿಟ್ಟು ಹೋಗೋನಿಗೆ ಕೀಲಿ ಯಾಕ ಬೇಕು? ವಾಪಸ್ ಬರೋನೇ ಅವನು."

ಅವಳ ಕೈ ನನ್ನ ಹೆಗಲ ಮೇಲೆ ಬಂತು. ಅಂಗಡಿಗೆ ಅಂದು ರಜೆ. ಆದರೂ ಕೀಲಿ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ದಿನಾ ಮಾಡುವುದನ್ನೇ ಕೈ ಬರೆದಿದೆ, ಅಷ್ಟೇ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಜನ ಟ್ರ್ಯಾಕ್ಟರನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡಿದಾಗ ಅವಳು, "ಸಾಕು, ತಿರುಗಿಸ್ರಿ," ಎಂದಳು.

ಮಾರನೆಯ ದಿನ ಕಥೆಯನ್ನು ತೆರೆದು, ಸೇತುವೆಯ ಮೇಲೆ ಅವನು ಕೀಲಿಯನ್ನು ಹೊಳೆಗೆ ಎಸೆಯುವಂತೆ ತಿದ್ದಿದೆ. ಸಾಲು ಚೆನ್ನಾಗಿತ್ತು, ಕಥೆಗೆ ಬೇಕಿದ್ದದ್ದೂ ಅದೇ. ಅಷ್ಟರಲ್ಲಿ ಕೆಳಗಿನಿಂದ ಅವಳು ಊಟಕ್ಕೆ ಕರೆದಳು, ಮೊದಲಿನ ದನಿಯಲ್ಲಿ. ಹೊಸ ಸಾಲನ್ನು ಅಳಿಸಿ ಇಳಿದು ಹೋದೆ.