ತಾತನಿಗೂ ಅಮ್ಮನಿಗೂ ನಡುವೆ ನನ್ನ ಜ್ವರ

ನಮ್ಮ ಮನೆಯಲ್ಲಿ ಅಮ್ಮ ತಾತನೊಂದಿಗೆ ಮಾತಾಡುತ್ತಿರಲಿಲ್ಲ. ಜಗಳವೇನೂ ಇಲ್ಲ, ಮರ್ಯಾದೆ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಸೊಸೆಯಾದವಳು ಮಾವನ ಎದುರು ಬಾಯಿಬಿಟ್ಟರೆ ಊರೇ ಮೂಗಿನ ಮೇಲೆ ಬೆರಳಿಡುತ್ತಿತ್ತು. ಆದರೆ ಒಂದೇ ಸೂರಿನಡಿ ಇದ್ದ ಮೇಲೆ ಮಾತು ಬೇಕಲ್ಲ? ಅದಕ್ಕೆ ನಾನಿದ್ದೆ.

"ನಿಮ್ ತಾತಂಗೆ ಏಳಮ್ಮ, ನೀರು ಕಾದೈತೆ, ಸ್ನಾನಕ್ಕೆ ಓಗ್ಬೇಕಂತೆ ಅಂತ," ಎನ್ನುವಳು ಅಮ್ಮ. ಪಕ್ಕದಲ್ಲೇ ಕೂತ ತಾತನಿಗೆ ಅದು ಚೆನ್ನಾಗಿಯೇ ಕೇಳಿಸಿರುತ್ತಿತ್ತು. ಆದರೂ ನಾನು ಬಾಯಿಬಿಟ್ಟು ಹೇಳುವವರೆಗೆ ಅವನು ಕದಲುತ್ತಿರಲಿಲ್ಲ. "ನಿಮ್ಮಮ್ಮಂಗೆ ಏಳು, ಬತ್ತೀನಿ ಅಂತ," ಎನ್ನುವನು. ಅಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ. ಅವನು ಮನೆಯಲ್ಲಿರುತ್ತಿದ್ದುದೇ ಕಡಿಮೆ, ಇದ್ದರೆ ಗೊರಕೆ. ಹೀಗಾಗಿ ನಾನು ಶಾಲೆಗೆ ಹೋದರೆ ಮನೆಯಲ್ಲಿ ಮಾತೇ ನಿಲ್ಲುತ್ತಿತ್ತು. ಐದನೇ ಕ್ಲಾಸಿನ ಹುಡುಗಿಗೆ ಇಷ್ಟು ದೊಡ್ಡ ಹುದ್ದೆ ಸಿಕ್ಕಿದ್ದಕ್ಕೆ ನನಗೆ ಕೊಂಬು ಬಂದಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯ ಬೆಳಿಗ್ಗೆ ಎದ್ದಾಗ ಮೈ ಸುಡುತ್ತಿತ್ತು. ತಲೆ ಸಿಡಿಯುತ್ತಿತ್ತು, ಕುಡಿದ ನೀರೂ ವಾಂತಿಯಾಯಿತು, ಕುತ್ತಿಗೆ ಬಗ್ಗಲೊಲ್ಲದು. ಜ್ವರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಎಲ್ಲರ ಕಣ್ಣು ಬಿದ್ದದ್ದು ಕುತ್ತಿಗೆಯ ಮೇಲೆ. ಕುತ್ತಿಗೆ ಹಿಡಿದುಕೊಂಡರೆ ನಮ್ಮ ಕಡೆ ಮದ್ದು ಒಂದೇ, ದಿಂಬನ್ನು ಬಿಸಿಲಿಗೆ ಹಾಕುವುದು. ತಾತ ನನ್ನ ದಿಂಬನ್ನು ಅಂಗಳದ ಚಪ್ಪಡಿಯ ಮೇಲಿಟ್ಟು ಹಪ್ಪಳ ಒಣಗಿಸುವವನ ಹಾಗೆ ಆಗಾಗ ಮಗುಚಿಹಾಕುತ್ತ ಕೂತ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ನಾನು ಒಳಗೆ ಮುಸುಕು ಹಾಕಿಕೊಂಡು ಅಳುತ್ತಿದ್ದೆ. ಹೊರಗೆ ದಿಂಬು ಹಾಯಾಗಿ ಬಿಸಿಲು ಕಾಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ಮಧ್ಯಾಹ್ನಕ್ಕೆ ನಮ್ಮ ಕೊಟ್ಟಿಗೆಯ ನಿಜವಾದ ಎಮ್ಮೆಯೇ ಈ ಕಥೆಯೊಳಗೆ ಬಂತು. ನಾನು ಏನೇನೋ ಬಡಬಡಿಸುತ್ತಿದ್ದುದನ್ನು ನೋಡಿ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ನಿಮ್ ತಾತಂಗೆ ಏಳಮ್ಮ, ನಿನ್ನ ಆಸ್ಪತ್ರೆಗೆ ಕರ್ಕೊಂಡೋಯ್ತೀನಿ, ಎಮ್ಮೆನ ಅವ್ರೇ ನೋಡ್ಕೊಳ್ಳಲಿ ಅಂತ," ಎಂದಳು. ನಾನು ಆ ಜ್ವರದಲ್ಲೂ ಕರ್ತವ್ಯ ಮರೆಯಲಿಲ್ಲ. "ತಾತಾ, ಎಮ್ಮೆನ ಆಸ್ಪತ್ರೆಗೆ ಕರ್ಕೊಂಡೋಗ್ಬೇಕಂತೆ," ಎಂದು ಕೂಗಿದೆ. ಅಮ್ಮ ಹೇಳಿದ್ದು ತಾತನಿಗೂ ಕೇಳಿಸಿತ್ತೇನೋ. ಆದರೆ ನಮ್ಮ ಮನೆಯಲ್ಲಿ ನನ್ನ ಬಾಯಿಂದ ಬಂದದ್ದೇ ಮಾತು. ಅವನು ನೇರ ಕೊಟ್ಟಿಗೆಗೆ ಹೋಗಿ ಎಮ್ಮೆಯ ಬಾಯಿ ಬಿಡಿಸಿ ನೋಡಿದ, ಕಿವಿ ಮುಟ್ಟಿ ನೋಡಿದ.

"ಅಬ್ಬೋ, ಚೆನ್ನಾಗೇ ಐತಲ್ಲ! ನಿಮ್ಮಮ್ಮಂಗೆ ಏಳು, ಮೇವು ತಿಂತೈತೆ ಅಂತ."

ಹೇಳಲು ನನಗೆ ಎಚ್ಚರವೇ ಇರಲಿಲ್ಲ. ಅಮ್ಮ ನನ್ನನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದಳು. ಹಿಂದೆಯೇ ತಾತ, ಕಂಕುಳಲ್ಲಿ ದಿಂಬು. ಇಲ್ಲಿಂದ ಮುಂದಿನದು ಅವರಿಬ್ಬರೂ ಆಮೇಲೆ ಬೇರೆ ಬೇರೆಯಾಗಿ ನನಗೆ ಹೇಳಿದ್ದು.

ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ಒಬ್ಬ ತಮಿಳು ಡಾಕ್ಟರಮ್ಮ ನನ್ನ ತಲೆಯ ಕೆಳಗೆ ಕೈಯಿಟ್ಟು ಮೆಲ್ಲಗೆ ಎತ್ತಿದರಂತೆ. ಗಲ್ಲ ಎದೆಗೆ ತಾಗಲಿಲ್ಲ. ತಲೆಯ ಜೊತೆಗೆ ಬೆನ್ನೂ ಎದ್ದು ಬಂತು. "ಇದು ಉಳುಕಲ್ಲಮ್ಮ, ಮೆದುಳು ಜ್ವರ," ಎಂದರು. "ಜ್ವರ, ವಾಂತಿ, ಕುತ್ತಿಗೆ ಬಿಗಿತ, ಬೆಳಕು ಆಗದೆ ಇರೋದು, ಎಲ್ಲಾ ಒಟ್ಟಿಗೆ ಇದೆ. ಬೆನ್ನಿಂದ ಸ್ವಲ್ಪ ನೀರು ತೆಗೆದು ನೋಡಬೇಕು, ಕೂಡಲೇ ಇಂಜೆಕ್ಷನ್ ಶುರು ಮಾಡಬೇಕು. ತಡ ಮಾಡಿದರೆ ಮಗು ಉಳಿಯಲ್ಲ. ಆಗಲಿ ಅನ್ನಿ."

ಆಗಲಿ ಅನ್ನಬೇಕಾದ ಅಪ್ಪ ಗಣಿಯೊಳಗೆ ಇಳಿದಿದ್ದ. ಪಾಳಿ ಮುಗಿಯದೆ ಮೇಲೆ ಬರುವಂತಿರಲಿಲ್ಲ. ತಾತ ಬಗ್ಗಿ ನನ್ನ ಎಡಗಿವಿಯಲ್ಲಿ ಹೇಳಿದ: "ನಿಮ್ಮಮ್ಮಂಗೆ ಏಳು, ಬೆನ್ನಾಗಿನ ನೀರು ತೆಗುದ್ರೆ ಸೊಂಟ ಬಿದ್ದೋಯ್ತದೆ. ಬ್ಯಾಡ ಅಂತ."

ಅಮ್ಮ ಬಲಗಿವಿಗೆ ಬಗ್ಗಿದಳು: "ನಿಮ್ ತಾತಂಗೆ ಏಳಮ್ಮ, ಡಾಕ್ಟ್ರಮ್ಮ ಏಳ್ದಂಗೆ ಆಗ್ಲಿ ಅಂತ."

ಹೇಳಿ ಇಬ್ಬರೂ ನನ್ನ ಬಾಯಿ ನೋಡುತ್ತ ಕಾದರಂತೆ. ನಾನು ತುಟಿ ಅಲುಗಿಸಲಿಲ್ಲ. ಮತ್ತೆ ಬಗ್ಗಿದರು, ಮತ್ತೆ ಹೇಳಿದರು, ಮತ್ತೆ ಕಾದರು.

"ಎನ್ನಮ್ಮಾ ಇದು?" ಡಾಕ್ಟರಮ್ಮ ಕಿರುಚಿದರು. "ಮಗುಗೆ ಜ್ಞಾನವೇ ಇಲ್ಲ, ಯಾರಿಗೆ ಹೇಳ್ತಿದ್ದೀರಿ?"

ಈಗ ನೆನೆದರೆ ಮೊದಲು ನಗು ಬರುತ್ತದೆ. ಆದರೆ ಮರ್ಯಾದೆ ಕಾಪಾಡಲು ಹೋಗಿ ಇಬ್ಬರೂ ಸೇರಿ ನನ್ನನ್ನು ಸಾಯಲು ಬಿಡುತ್ತಿದ್ದರು.

ಅಮ್ಮ ನೆಟ್ಟಗೆ ನಿಂತಳಂತೆ. ಮದುವೆಯಾಗಿ ಬಂದಮೇಲೆ ಮೊದಲ ಸಲ ತಾತನ ಮುಖ ನೋಡಿದಳು.

"ಮಾವ, ಸೊಂಟ ಬಿದ್ರೆ ನಾನು ಒತ್ಕೊಂಡು ತಿರುಗ್ತೀನಿ. ಮಗೂನೇ ಓಗ್ಬಿಟ್ರೆ ಯಾರನ್ನ ಒತ್ಕೊಳ್ಳಲಿ? ನೀವು ಆಚೆ ಓಗಿ."

ಗೋಡೆಯೇ ಮಾತಾಡಿದಂತೆ ತಾತ ಬೆಪ್ಪಾಗಿ ನಿಂತ. ಆಮೇಲೆ ದಿಂಬು ಹಿಡಿದುಕೊಂಡು ಆಚೆ ಹೋದ.

ತಿಳಿಯಾಗಿರಬೇಕಾದ ಬೆನ್ನಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಕದಡಿತ್ತಂತೆ. ಅವತ್ತೇ ಶುರುವಾದ ಇಂಜೆಕ್ಷನ್‌ಗಳು ನನ್ನ ಸೊಂಟದ ಎರಡೂ ಕಡೆ ಜಾಗ ಉಳಿಯದಷ್ಟು ದಿನ ನಡೆದವು. ಜ್ವರ ಬಿಟ್ಟಿತು. ಸೊಂಟ ಬೀಳಲಿಲ್ಲ. ಎಡಗಿವಿ ಮಾತ್ರ ಹೋಯಿತು. ಈ ಕಾಯಿಲೆ ಹೋಗುವಾಗ ಕೆಲವರ ಕಿವಿಯನ್ನು ಒಯ್ಯುತ್ತದೆ, ಇಷ್ಟಕ್ಕೇ ಬಿಟ್ಟಿತಲ್ಲ ಎಂದು ಡಾಕ್ಟರಮ್ಮ ಬೆನ್ನು ತಟ್ಟಿ ಕಳಿಸಿದರು.

ಮನೆಗೆ ಬಂದ ದಿನ ಊಟಕ್ಕೆ ಕೂತಾಗ ನಾನು ಎಂದಿನಂತೆ ಅವರಿಬ್ಬರ ನಡುವೆ ಕೂತು ಕಾದೆ. ಅಮ್ಮ ಏನೂ ಹೇಳಲಿಲ್ಲ. ಹೇಳಿರುತ್ತಾಳೆ, ನನಗೇ ಕೇಳಿಸಲಿಲ್ಲ ಎಂದುಕೊಂಡೆ. ಇನ್ನು ಈ ಮನೆಯಲ್ಲಿ ನಾನು ಯಾವ ಕೆಲಸಕ್ಕೂ ಬಾರದವಳು ಎನಿಸಿ ಅಳು ಬಂತು. ಸರಿದು ಕೂತು ಬಲಗಿವಿಯನ್ನು ಅಮ್ಮನ ಕಡೆ ತಿರುಗಿಸಿದೆ.

ಅಮ್ಮ ಸಾರಿನ ಪಾತ್ರೆ ಎತ್ತಿಕೊಂಡು, ನನ್ನ ತಲೆಯ ಮೇಲಿಂದ, "ಮಾವ, ಇನ್ನೊಂದಿಷ್ಟು ಬಿಡ್ಲಾ?" ಎಂದಳು.

ತಾತ ತಟ್ಟೆಯನ್ನು ಮುಂದೆ ಮಾಡಿ, "ಬಿಡಮ್ಮ," ಎಂದ.